ತಟ್ಟೆ, ಬುಟ್ಟಿ, ತಕರಾರು

ಡಿಸ್ಕ್ ಗಾಲ್ಫ್ ಎಂದರೆ ಪ್ಲಾಸ್ಟಿಕ್ಕಿನ ತಟ್ಟೆಯೊಂದನ್ನು ದೂರದ ಕಬ್ಬಿಣದ ಬುಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಮುಟ್ಟಿಸುವ ಆಟ. ಗಾಲ್ಫಿನ ಕೋಲು, ಚೆಂಡು, ಸವರಿದ ಹುಲ್ಲು, ಕ್ಲಬ್ಬಿನ ಸದಸ್ಯತ್ವ ಯಾವುದೂ ಇದಕ್ಕೆ ಬೇಡ. ಗಾಲ್ಫಿನ ಲೆಕ್ಕ ಮಾತ್ರ ಬೇಕು. ಬಯಲು, ಹಾಡಿ, ಗುಡ್ಡೆ ಎಲ್ಲಾದರೂ ಆಡಬಹುದಾದ್ದರಿಂದ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ ಎಂದು ಹೊಸಬರಿಗೆ ಅನ್ನಿಸಬಹುದು. ನಿಯಮಗಳನ್ನು ಒಂದೊಂದಾಗಿ ಇಲ್ಲಿನ ನೆಲದ ಮೇಲಿಟ್ಟು ನೋಡುವವರೆಗೆ ಆ ಅನಿಸಿಕೆಗೆ ಯಾವ ಅಡ್ಡಿಯೂ ಇಲ್ಲ.

ಆಟದ ಹುಟ್ಟಿನಲ್ಲೇ ತಕರಾರಿದೆ. 1926ರಷ್ಟು ಹಿಂದೆಯೇ ಕೆನಡಾದ ಬ್ಲಾಡ್‌ವರ್ತ್ ಎಂಬಲ್ಲಿ ಶಾಲೆಯ ಹುಡುಗರು ತಗಡಿನ ಮುಚ್ಚಳ ಎಸೆದು ಗಾಲ್ಫ್ ಆಡುತ್ತಿದ್ದರು. ಫ್ರಿಸ್ಬೀ ತಯಾರಿಸುವ ವ್ಯಾಮ್‌-ಓ ಕಂಪನಿಯಲ್ಲಿ ದುಡಿದ ಎಡ್ ಹೆಡ್ರಿಕ್ ಎಂಬವರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಇದಕ್ಕೆ ಮೊದಲ ಕಾಯಂ ಅಂಕಣ ಮಾಡಿಸಿದರು. ಅಲ್ಲಿ ಆರಂಭದಲ್ಲಿ ಇದ್ದದ್ದು ಬರೀ ಕಂಬ. ತಟ್ಟೆ ಕಂಬಕ್ಕೆ ತಾಗಿದರೆ ಮುಗಿಯಿತು. ಆದರೆ ತಾಗಿತೋ ಇಲ್ಲವೋ ಎಂಬುದು ಎಸೆದವನಿಗೆ ಒಂದು ಥರ, ಎದುರಾಳಿಗೆ ಇನ್ನೊಂದು ಥರ ಕಾಣುತ್ತಿತ್ತು. ಕುಂದಾಪುರದ ಕಡೆಯಾದರೆ ಒಬ್ಬರು "ತಾಗಿತ್ ಮರ್ರೆ" ಎನ್ನುತ್ತಾರೆ, ಇನ್ನೊಬ್ಬರು "ಎಲ್ ತಾಗಿತ್?" ಎನ್ನುತ್ತಾರೆ, ಆಟ ಅಲ್ಲಿಗೆ ನಿಂತು ಮಾತು ಮುಂದುವರಿಯುತ್ತದೆ. ಇಂಥ ವಾದಗಳಿಂದ ಬೇಸತ್ತ ಹೆಡ್ರಿಕ್ ಕಂಬಕ್ಕೆ ಬುಟ್ಟಿ ಸಿಕ್ಕಿಸಿ, ಮೇಲಿನಿಂದ ಸರಪಳಿಗಳನ್ನು ಇಳಿಬಿಟ್ಟರು. ತಟ್ಟೆ ಸರಪಳಿಗೆ ಬಡಿದು ಬುಟ್ಟಿಗೆ ಬಿದ್ದರೆ ಸದ್ದೂ ಸಾಕ್ಷಿ, ತಟ್ಟೆಯೂ ಸಾಕ್ಷಿ. ಈ ಆಟದ ಉಳಿದ ನಿಯಮಗಳೂ ಹೆಚ್ಚುಕಡಿಮೆ ಇದೇ ಕೆಲಸದವು: ಎಸೆಯುವುದನ್ನು ಕಲಿಸುವುದಕ್ಕಿಂತ ಮಾತು ನಿಲ್ಲಿಸುವುದು. ಹೆಡ್ರಿಕ್ 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ತಟ್ಟೆಗಳಲ್ಲಿ ಬೆರೆಸಿ ಅಚ್ಚು ಹಾಕಲಾಯಿತು. ಆಟ ಬಿಟ್ಟು ಹೋಗಲು ಮನಸ್ಸಿಲ್ಲದವರಿಗೆ ಇದಕ್ಕಿಂತ ಗಟ್ಟಿಯಾದ ಏರ್ಪಾಡು ಸಿಗಲಾರದು.

ಲೆಕ್ಕ ಸುಲಭ. ಒಂದು ಎಸೆತಕ್ಕೆ ಒಂದು. ಒಂಬತ್ತೋ ಹದಿನೆಂಟೋ ಬುಟ್ಟಿಗಳನ್ನು ಕ್ರಮವಾಗಿ ಮುಗಿಸಿ ಒಟ್ಟು ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದರು. ಹಾಣೆಗೆಂಡೆ, ಕ್ರಿಕೆಟ್ ಎರಡರಲ್ಲೂ ಹೆಚ್ಚು ಎಣಿಸಿದವರೇ ಗೆಲ್ಲುವುದನ್ನು ನೋಡಿ ಬೆಳೆದವರಿಗೆ ಇದು ಜೀರ್ಣವಾಗಲು ಒಂದು ಸುತ್ತು ಬೇಕು. ಪ್ರತಿ ಬುಟ್ಟಿಗೂ ನಿಗದಿತ ಎಸೆತಗಳ ಸಂಖ್ಯೆ ಇದೆ, ಅದು ಪಾರ್. ಹೆಚ್ಚಿನ ಕಡೆ ಮೂರು. ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ, ಮೊದಲ ಎಸೆತಕ್ಕೇ ಬುಟ್ಟಿ ಸಿಕ್ಕರೆ ಏಸ್. ತಡವಾಗಿ ಬಂದು ಬುಟ್ಟಿಯೊಂದನ್ನು ತಪ್ಪಿಸಿಕೊಂಡವರಿಗೆ ಪಾರ್‌ಗೆ ನಾಲ್ಕು ಸೇರಿಸಿ ಬರೆಯುತ್ತಾರೆ. ಎಂಟು ಗಂಟೆಯ ಕಾರ್ಯಕ್ರಮಕ್ಕೆ ಒಂಬತ್ತೂವರೆಗೆ ಬರುವುದೇ ಮರ್ಯಾದೆ ಎಂದು ತಿಳಿದವರು ಈ ನಿಯಮವನ್ನು ಎರಡು ಸಲ ಓದಿಕೊಳ್ಳಬೇಕು.

ಎಸೆಯುವ ಸರದಿಗೂ ಕ್ರಮವಿದೆ. ಹಿಂದಿನ ಬುಟ್ಟಿಯಲ್ಲಿ ಕಡಿಮೆ ಎಣಿಕೆಯವರು ಮೊದಲು ಎಸೆಯುತ್ತಾರೆ. ಆಮೇಲೆ ಯಾರ ತಟ್ಟೆ ಬುಟ್ಟಿಯಿಂದ ಅತಿ ದೂರವಿದೆಯೋ ಅವರದು ಸರದಿ. ಸರದಿ ಬಂದಮೇಲೆ 30 ಸೆಕೆಂಡು. ಗಾಳಿ ನೋಡುವುದು, ಕಾಲು ಊರುವುದು, ಪಕ್ಕದವರ ಸಲಹೆ ಕೇಳುವುದು ಎಲ್ಲವೂ ಅದರೊಳಗೆ ಮುಗಿಯಬೇಕು. ಮೀರಿದರೆ ಮೊದಲ ಸಲ ಎಚ್ಚರಿಕೆ, ಮುಂದಿನ ಸಲ ಒಂದು ಎಸೆತದ ದಂಡ. ಬೇರೆಯವರು ಎಸೆಯುವಾಗ ಗಲಾಟೆ ಮಾಡುವುದೂ ತಪ್ಪೇ.

ತಟ್ಟೆ ಬಿದ್ದಲ್ಲಿಂದ ಮುಂದಿನ ಎಸೆತ. ಬಿದ್ದ ತಟ್ಟೆಯ ಹಿಂದೆ, ಅಂದರೆ ಬುಟ್ಟಿಗೆ ದೂರದ ಬದಿಯಲ್ಲಿ, 20 ಸೆಂ.ಮೀ. ಅಗಲ, 30 ಸೆಂ.ಮೀ. ಉದ್ದದ ಜಾಗವೇ ಆಟಗಾರನ ಆಸ್ತಿ. ಎಸೆಯುವಾಗ ದೇಹದ ಯಾವುದಾದರೊಂದು ಭಾಗ ಅದರಲ್ಲಿ ಊರಿರಬೇಕು. ಅಲ್ಲಿರುವ ತರಗೆಲೆ, ಬಿದ್ದ ಮಡಲು ಇವನ್ನು ಸರಿಸಬಹುದು. ಬೆಳೆದು ನಿಂತ ಗೆಲ್ಲನ್ನು ಸರಿಸುವಂತಿಲ್ಲ. ಬೇಕೆಂದೇ ಮುರಿದರೆ ಎರಡು ಎಸೆತದ ದಂಡ. ಗೆಲ್ಲು ಗೇರುಮರದ್ದಾಗಿದ್ದು ಮರದ ಯಜಮಾನರು ಅಂಗಳದಲ್ಲೇ ಕೂತಿದ್ದರೆ ಬೀಳುವ ದಂಡ ನಿಯಮಪುಸ್ತಕಕ್ಕೆ ಹೊರಗಿನದು.

ಹೊಸಬರು ತಪ್ಪದೆ ಕೇಳುವ ಪ್ರಶ್ನೆ: "ತೆಂಗಿನ ಮರದ್ ಮೇಲೆ ಸಿಕ್ಕಿರೆ ಎಂತ ಮಾಡುದ್?" ತಟ್ಟೆಯ ನೇರ ಕೆಳಗೆ ಗುರುತು ಹಾಕಿ ಅಲ್ಲಿಂದ ಎಸೆಯಬೇಕು. ಎರಡು ಮೀಟರಿಗಿಂತ ಮೇಲೆ ಸಿಕ್ಕಿಕೊಂಡರೆ ದಂಡ ಎಂಬ ನಿಯಮವಿದೆ, ಆದರೆ ಪಂದ್ಯದ ನಿರ್ದೇಶಕರು ಮೊದಲೇ ಸಾರಿದ್ದರೆ ಮಾತ್ರ ಅದು ಜಾರಿಗೆ ಬರುತ್ತದೆ. ತಟ್ಟೆಯನ್ನು ಇಳಿಸಲು ಮರ ಹತ್ತುವವರಿಗೆ ಕೊಡಬೇಕಾದ ಮಜೂರಿಯ ವಿಷಯದಲ್ಲಿ ನಿಯಮಪುಸ್ತಕ ಮೌನವಾಗಿದೆ. ಹಾಡಿಯ ಪೊದೆಯೊಳಗೆ ತಟ್ಟೆ ಮಾಯವಾದರೆ ಹುಡುಕಲು ಮೂರು ನಿಮಿಷ ಕೊಡುತ್ತಾರೆ. ಸಿಗದಿದ್ದರೆ ಒಂದು ಎಸೆತದ ದಂಡ ತೆತ್ತು, ಹಿಂದೆ ಎಸೆದಲ್ಲಿಗೇ ಹೋಗಿ ಮತ್ತೆ ಎಸೆಯಬೇಕು.

ಕಾಲೂರುವ ಜಾಗದಲ್ಲಿ ಮಳೆನೀರು ನಿಂತಿದ್ದರೆ ಅಥವಾ ಅಪಾಯ ಮಾಡುವ ಕೀಟ, ಪ್ರಾಣಿ ಇದ್ದರೆ ದಂಡವಿಲ್ಲದೆ ಹಿಂದೆ ಸರಿಯಬಹುದು. ಕೆಂಪಿರುವೆಯ ಗೂಡು, ಕಣಜ, ಹಾವು ಎಲ್ಲವೂ ಇದರಲ್ಲಿ ಬಂದವು. ಹಾವು ನಾಗರವಾದರೆ ಕೈಮುಗಿದು ಸರಿಯುವುದು ಇಲ್ಲಿ ಮೊದಲಿನಿಂದಲೂ ಇರುವ ಪದ್ಧತಿ. ಸರಿಯುವುದು ಮಾತ್ರ ಬುಟ್ಟಿಯಿಂದ ದೂರಕ್ಕೇ ಹೊರತು ಹತ್ತಿರಕ್ಕಲ್ಲ.

ಗಡಿ ದಾಟಿದ ತಟ್ಟೆಯದು ದೊಡ್ಡ ಅಧ್ಯಾಯ. ತಟ್ಟೆ ಪೂರ್ತಿಯಾಗಿ ಗಡಿಯ ಹೊರಗಿದ್ದರೆ ಮಾತ್ರ ಹೊರಗೆ. ಅಂಚು ಒಳಗೆ ತಾಗಿದ್ದರೂ ಒಳಗೇ. ಹೊರಗೆ ಹೋದರೆ ಒಂದು ಎಸೆತದ ದಂಡ. ಮರವಂತೆಯಲ್ಲಿ ಹೆದ್ದಾರಿಗೆ ಪಶ್ಚಿಮದಲ್ಲಿ ಕಡಲು, ಪೂರ್ವದಲ್ಲಿ ಸೌಪರ್ಣಿಕಾ ಹೊಳೆ, ನಡುವೆ ಲಾರಿಗಳು. ಅಲ್ಲಿ ಅಂಕಣ ಹಾಕಿದರೆ ಗಡಿ ಗುರುತಿಸಲು ಸುಣ್ಣದ ಖರ್ಚು ಉಳಿಯುತ್ತದೆ, ತಟ್ಟೆಯ ಖರ್ಚು ಏರುತ್ತದೆ. ತಟ್ಟೆಗಳಲ್ಲಿ ಬಹುಪಾಲು ನೀರಿನಲ್ಲಿ ಮುಳುಗುವಂಥವು. ಗದ್ದೆಗೆ ಬೇರೆಯೇ ಏರ್ಪಾಡು ಸಾಧ್ಯ: ಅದನ್ನು ದಂಡದ ಜಾಗವೆಂದು ಸಾರಿದರೆ ಒಂದು ಎಸೆತ ತೆತ್ತು, ತಟ್ಟೆ ಬಿದ್ದಲ್ಲಿಂದಲೇ ಆಡಬೇಕು. ಬ್ರಹ್ಮಾವರದ ಬಯಲುಗಳಲ್ಲಿ ನಟ್ಟಿ ಮುಗಿದ ಮೇಲೆ ಹೀಗೆ ಆಡಲು ಹೊರಟವರಿಗೆ ಮೊದಲ ತಕರಾರು ಬರುವುದು ಎದುರಾಳಿಯಿಂದಲ್ಲ. ನಾಗಬನಕ್ಕೂ ಪುಸ್ತಕದಲ್ಲಿ ಜಾಗವಿದೆ. ನಿರ್ದೇಶಕರು ಒಂದು ಜಾಗವನ್ನು ವಿನಾಯಿತಿ ವಲಯ ಎಂದು ಸಾರಿದರೆ, ಅಲ್ಲಿ ಬಿದ್ದ ತಟ್ಟೆಯನ್ನು ಹೊರಗಿನಿಂದ ಆಡಬೇಕು, ದಂಡವಿಲ್ಲ. ತಟ್ಟೆಯನ್ನು ವಾಪಸು ತರುವ ಬಗೆ ಮನೆಯ ಹಿರಿಯರಿಗೆ ಬಿಟ್ಟದ್ದು.

ತಟ್ಟೆಗಳಲ್ಲಿ ಮೂರು ಬಗೆ. ಚೂಪು ಅಂಚಿನ ಡ್ರೈವರ್ ದೂರಕ್ಕೆ, ಮಿಡ್‌ರೇಂಜ್ ಮಧ್ಯಮ ದೂರಕ್ಕೆ, ಮೊಂಡು ಅಂಚಿನ ಪಟ್ಟರ್ ಬುಟ್ಟಿಯ ಹತ್ತಿರಕ್ಕೆ. ಯಾವುದೂ 200 ಗ್ರಾಂ ಮೀರುವಂತಿಲ್ಲ, 21 ಸೆಂ.ಮೀ.ಗಿಂತ ಕಿರಿದಾಗುವಂತಿಲ್ಲ. ಬಲಗೈಯವರು ಮುಂಗೈ ಒಳಕ್ಕೆ ಮಡಚಿ ಎಸೆದರೆ ವೇಗ ಇಳಿದಾಗ ತಟ್ಟೆ ಎಡಕ್ಕೆ ಹೊರಳುತ್ತದೆ. ಇದು ತಿರುಗುವಿಕೆಯ ಗುಣ, ತಟ್ಟೆಯ ದೋಷವಲ್ಲ. ಡ್ರೈವರ್ ಹಾರಲು ಬೇಕಾದ ವೇಗ ಹೊಸಬರ ತೋಳಿನಲ್ಲಿ ಇರುವುದಿಲ್ಲವಾದ್ದರಿಂದ ಕಲಿಕೆಗೆ ಪಟ್ಟರ್ ಮತ್ತು ಮಿಡ್‌ರೇಂಜ್ ಸಾಕು.

ಬುಟ್ಟಿಯಿಂದ 10 ಮೀಟರಿನೊಳಗಿನ ಎಸೆತ ಪಟ್ಟಿಂಗ್. ಎಣಿಕೆ ಉಳಿಯುವುದೂ ಹಾಳಾಗುವುದೂ ಇಲ್ಲಿಯೇ. ಈ ವೃತ್ತದೊಳಗೆ ಎಸೆದ ಮೇಲೆ ಗುರುತಿನ ಹಿಂದೆಯೇ ಸಮತೋಲದಲ್ಲಿ ನಿಂತು ತೋರಿಸಬೇಕು. ತಟ್ಟೆಯ ಹಿಂದೆಯೇ ಮುಗ್ಗರಿಸಿ ಮುಂದಕ್ಕೆ ಹೋದರೆ ದಂಡ. ವೃತ್ತದ ಹೊರಗಾದರೆ ಕೈಬಿಟ್ಟ ಮೇಲೆ ಮುಂದೆ ಹೆಜ್ಜೆ ಇಡಬಹುದು. ಕೈಯ ಕ್ರಮ ಎರಡು. ತಟ್ಟೆಗೆ ತಿರುಗು ಕಡಿಮೆ ಕೊಟ್ಟು, ಕಾಲು ಮತ್ತು ತೋಳಿನ ಬಲದಿಂದ ಮೆಲ್ಲನೆ ಮೇಲೇರಿಸಿ ಬಿಡುವುದು ಒಂದು. ಇದರಲ್ಲಿ ಗುರಿ ತಪ್ಪಿದರೂ ತಟ್ಟೆ ಬುಟ್ಟಿಯ ಬುಡದಲ್ಲೇ ಬೀಳುತ್ತದೆ. ಮಣಿಕಟ್ಟಿನಿಂದ ಚುರುಕಾಗಿ ತಿರುಗಿಸಿ ನೇರ ಹೊಡೆಯುವುದು ಇನ್ನೊಂದು. ಗಾಳಿಗೆ ಇದು ಗಟ್ಟಿ, ತಪ್ಪಿದರೆ ದೂರ. ಎರಡರಲ್ಲೂ ಕಣ್ಣು ಇಡೀ ಬುಟ್ಟಿಯ ಮೇಲಲ್ಲ, ಸರಪಳಿಯ ಒಂದೇ ಕೊಂಡಿಯ ಮೇಲಿರಬೇಕು. ಎಸೆದ ಕೈ ಅತ್ತಲೇ ಚಾಚಿ ನಿಲ್ಲಬೇಕು.

ಕೋಡಿಯ ಕಡಲದಂಡೆಯಲ್ಲಿ ಮಧ್ಯಾಹ್ನದ ಮೇಲೆ ಬೀಸುವ ಪಡುಗಾಳಿ ಈ ಪಾಠಕ್ಕೆ ತಿದ್ದುಪಡಿ ತರುತ್ತದೆ. ಎದುರುಗಾಳಿ ತಟ್ಟೆಯನ್ನು ಎತ್ತುತ್ತದೆ, ಆದ್ದರಿಂದ ಗುರಿ ತಗ್ಗಿಸಬೇಕು; ಬೆನ್ನಗಾಳಿ ಕೆಳಕ್ಕೆ ಒತ್ತುತ್ತದೆ, ಆದ್ದರಿಂದ ಏರಿಸಬೇಕು. ಒತ್ತಿನೆಣೆಯಂಥ ಗುಡ್ಡದಲ್ಲಿ ಬುಟ್ಟಿ ಇಳಿಜಾರಿನಲ್ಲಿದ್ದರೆ ತಪ್ಪಿದ ತಟ್ಟೆ ಅಂಚಿನ ಮೇಲೆ ನಿಂತು ಕಡಲಿನತ್ತ ಉರುಳಬಹುದು. ಅಲ್ಲಿ ಧೈರ್ಯಕ್ಕಿಂತ ಮೆತ್ತಗಿನ ಎಸೆತ ಅಗ್ಗ.

ತಟ್ಟೆ ಬುಟ್ಟಿಯಲ್ಲಿ ಅಥವಾ ಸರಪಳಿಯಲ್ಲಿ ನಿಂತರೆ ಮಾತ್ರ ಲೆಕ್ಕ. ಸರಪಳಿಗೆ ಬಡಿದು ಹೊರಗೆ ಬಿದ್ದರೆ, ಬುಟ್ಟಿಯ ಮಾಡಿನ ಮೇಲೆ ಕೂತರೆ ಇಲ್ಲ, ಸದ್ದು ಎಷ್ಟೇ ಚೆನ್ನಾಗಿರಲಿ.

ಈ ಆಟದಲ್ಲಿ ಸಾಮಾನ್ಯವಾಗಿ ಅಂಪೈರ್ ಇಲ್ಲ. ಜೊತೆಗೆ ಆಡುವವರೇ ನೋಡಿ ತೀರ್ಮಾನಿಸಬೇಕು. ಬಹುಮತ ಬಾರದೆ, ಕೇಳಲು ಅಧಿಕಾರಿಯೂ ಸಿಗದಿದ್ದರೆ ಸಂಶಯದ ಲಾಭ ಎಸೆದವರಿಗೆ. ಇದನ್ನು ಓದಿದವರು ಪ್ರತಿ ಎಸೆತದಲ್ಲೂ ಸಂಶಯ ಹುಟ್ಟಿಸಲು ತೊಡಗಬಹುದೆಂಬ ಅಂದಾಜು ನಿಯಮ ಬರೆದವರಿಗೂ ಇದ್ದಂತಿದೆ: ಕೊನೆಗೆ ಎಣಿಕೆಯ ಚೀಟಿ ಒಪ್ಪಿಸುವಾಗ ಲೆಕ್ಕ ತಪ್ಪಿದ್ದರೆ ಎರಡು ಎಸೆತ ಸೇರಿಸುತ್ತಾರೆ, ಅಲ್ಲಿ ಸಂಶಯದ ಲಾಭ ಯಾರಿಗೂ ಇಲ್ಲ.