ಕೂಲೆಂಟ್ ರಾಯರು

ಬೆಂಗಳೂರಿನ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಭಾನುವಾರ ಬೆಳಿಗ್ಗೆ ಇಳಿದು ನೋಡಿ. ಮೂಲೆಯ ಕಂಬದ ಪಕ್ಕ, ನೆಲಕ್ಕೆ ಹೊಟ್ಟೆ ತಾಗಿಸುವಂತೆ ಎರಡು ಸೀಟಿನ ಕಾರೊಂದು ನಿಂತಿರುತ್ತದೆ. ಅದರ ಕೆಳಗೊಂದು ರಟ್ಟಿನ ಹಾಳೆ. ಬರ್ಮುಡಾ ಚಡ್ಡಿ ತೊಟ್ಟವರೊಬ್ಬರು ಕುಕ್ಕರುಗಾಲಲ್ಲಿ ಕೂತು, ಮೊಬೈಲ್ ಟಾರ್ಚು ಬಿಟ್ಟುಕೊಂಡು, ರಟ್ಟಿನ ಮೇಲೆ ಬಿದ್ದ ಹನಿಯನ್ನು ಬೆರಳಿಗೆ ಅಂಟಿಸಿಕೊಂಡು ಮೂಸುತ್ತಿರುತ್ತಾರೆ. ಸಿಹಿ ವಾಸನೆ ಬಂದರೆ ಕೂಲೆಂಟು, ಬರದಿದ್ದರೆ ಎಸಿಯಿಂದ ಇಳಿದ ಬರೀ ನೀರು. ಸಿಹಿ ವಾಸನೆ ಬಂದರೆ ಅವರ ಮುಖ ಅರಳುತ್ತದೆ. ಅವರೇ ಕೂಲೆಂಟ್ ರಾಯರು. ಆಧಾರ್ ಕಾರ್ಡಿನಲ್ಲಿ ಹೆಸರು ಬೇರೆ ಇದ್ದೀತು; ಅಪಾರ್ಟ್‌ಮೆಂಟಿನಲ್ಲಿ ನಡೆಯುವುದು ಇದೇ.

ರಾಯರಿಗೆ ನಲವತ್ತು ದಾಟಿ ಕೆಲವು ವರ್ಷವಾಗಿದೆ. ಹೋಮ್ ಲೋನ್ ತೀರಿದೆ, ಮಗಳು ಕಾಲೇಜು ಸೇರಿದ್ದಾಳೆ, ಆಫೀಸಿನಲ್ಲಿ ಮೇಲಕ್ಕೆ ಹೋಗಲು ಇನ್ನು ಕುರ್ಚಿ ಉಳಿದಿಲ್ಲ. ಇಂಥ ಹೊತ್ತಿನಲ್ಲಿ ಕೆಲವರು ಮ್ಯಾರಥಾನ್ ಓಡುತ್ತಾರೆ, ಕೆಲವರು ಉಪನಿಷತ್ತು ಹಿಡಿಯುತ್ತಾರೆ. ರಾಯರು ಹೊಸ ಇನ್ನೋವಾದ ದುಡ್ಡು ಸುರಿದು ಜರ್ಮನಿಯ ಹಳೇ ಸ್ಪೋರ್ಟ್ಸ್ ಕಾರು ತಂದರು.

“ಡಾಕ್ಟರ್ ಗಾಡಿ ಸಾರ್, ಮಳೆ ನೀರೇ ಸೋಕಿಲ್ಲ” ಎಂದಿದ್ದ ಬ್ರೋಕರು. ನಮ್ಮೂರಲ್ಲಿ ಮಾರಾಟಕ್ಕೆ ಬರುವ ಇಂಥ ಕಾರುಗಳ ಮೊದಲ ಯಜಮಾನರೆಲ್ಲ ಡಾಕ್ಟರುಗಳೇ. ಆಸ್ಪತ್ರೆಗೆ ಮಾತ್ರ ಅವರು ಯಾವುದರಲ್ಲಿ ಹೋಗುತ್ತಿದ್ದರೋ ತಿಳಿಯದು. ಟೆಸ್ಟ್ ಡ್ರೈವನ್ನು ಬ್ರೋಕರು ನೈಸ್ ರಸ್ತೆಯಲ್ಲಿ ಇಟ್ಟುಕೊಂಡಿದ್ದ, ಅದೂ ಬೆಳಿಗ್ಗೆ ಆರಕ್ಕೆ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡಿನಲ್ಲಿ ಯಾಕಿಲ್ಲ ಎಂದು ರಾಯರು ಕೇಳಲಿಲ್ಲ.

ಕಾರು ಮನೆಗೆ ಬಂದ ದಿನ ವಾಚ್‌ಮನ್ ಎಂಜಿನ್ ನೋಡಬೇಕೆಂದ. ರಾಯರು ಮುಂದಿನ ಬಾನೆಟ್ ಎತ್ತಿದರು. ಅಲ್ಲಿ ಸೂಟ್‌ಕೇಸ್ ಇಡುವ ಗುಂಡಿ. ಹಿಂದಿನದನ್ನು ಎತ್ತಿದರು, ಅಲ್ಲೂ ಸೂಟ್‌ಕೇಸ್ ಇಡುವ ಗುಂಡಿ. “ಎಂಜಿನ್ ಆಮೇಲೆ ಬರುತ್ತಾ ಸಾರ್?” ಎಂದ ವಾಚ್‌ಮನ್. ಎಂಜಿನ್ ಇದ್ದದ್ದು ಸೀಟಿನ ಬೆನ್ನ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ. ಅದನ್ನು ತಣ್ಣಗಿಡುವ ಎರಡು ರೇಡಿಯೇಟರುಗಳು ಮುಂದಿನ ಬಂಪರಿನ ಎಡಬಲ ಮೂಲೆಗಳಲ್ಲಿ. ಎರಡು ತುದಿಗೂ ನಡುವೆ ಕಾರಿನ ಹೊಟ್ಟೆಯಡಿ ಉದ್ದೋ ಉದ್ದ ಪೈಪು. ಎಲ್ಲಾದರೂ ಗಾಳಿ ಸಿಕ್ಕಿಕೊಂಡರೆ ನೀರು ಮುಂದೆ ಹೋಗದು. ಅದಕ್ಕೇ ಇಂಥ ಕಾರಿಗೆ ಚೊಂಬಿನಲ್ಲಿ ನೀರು ಹೊಯ್ದರೆ ಸಾಲದು, ಒಳಗಿನ ಗಾಳಿಯನ್ನು ಮೊದಲು ಪಂಪಿನಿಂದ ಎಳೆದು ಆಮೇಲೆ ಕೂಲೆಂಟ್ ತುಂಬಬೇಕು. ಈ ವಿವರವನ್ನು ರಾಯರು ವಾಚ್‌ಮನ್‌ಗೆ ಪೂರ್ತಿ ಹೇಳಿದರು. ಅಷ್ಟೂ ಹೊತ್ತು ಗೇಟಿನಲ್ಲಿ ಕೊರಿಯರ್ ಹುಡುಗ ನಿಂತಿದ್ದ.

ರಾಯರ ಜ್ಞಾನಕ್ಕೆ ಹೊತ್ತುಗೊತ್ತಿಲ್ಲ. ಗೃಹಪ್ರವೇಶದ ಊಟಕ್ಕೆ ಕೂತಿದ್ದೇವೆ, ಪಾಯಸ ಬರುತ್ತಿದೆ ಅನ್ನಿ. “ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಮೇಲಿದೆ ನೋಡಿ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ” ಎಂದು ಶುರು ಮಾಡುತ್ತಾರೆ. ಕೂಲಿಂಗ್ ವ್ಯವಸ್ಥೆಗೆ ಬಿಗಿ ಮುಚ್ಚಳ ಹಾಕಿ ಒತ್ತಡ ಕೂಡಿಟ್ಟರೆ, ಕೂಲೆಂಟ್ ಬೆರೆತ ನೀರು 120 ಡಿಗ್ರಿಯಲ್ಲೂ ಕುದಿಯದು. ಮುಚ್ಚಳದ ರಬ್ಬರ್ ಸಡಿಲಾದರೆ ಆ ಲಾಭವೆಲ್ಲ ಹೋಯಿತು. ಎಲೆಯ ಮೇಲಿನ ಪಾಯಸ ಆರುವಷ್ಟರಲ್ಲಿ ಪೋರ್ಷೆ 911ರ ಇತಿಹಾಸಕ್ಕೆ ಬಂದಿರುತ್ತಾರೆ. 1963ರಲ್ಲಿ ಲೋಕಕ್ಕೆ ಕಾಣಿಸಿಕೊಂಡ ಆ ಕಾರನ್ನು 1998ರವರೆಗೂ ನೀರಿನ ಹಂಗಿಲ್ಲದೆ, ಬರೀ ಗಾಳಿ ಮತ್ತು ಎಣ್ಣೆಯಲ್ಲೇ ತಣ್ಣಗಿಟ್ಟಿದ್ದರಂತೆ. ಬಡಿಸುವವನು “ಮಜ್ಜಿಗೆ?” ಅಂದರೆ ರಾಯರು ಬೇಡವೆಂದು ಕೈ ಅಡ್ಡ ಹಿಡಿದು ಮಾತು ಮುಂದುವರಿಸುತ್ತಾರೆ.

ಇಷ್ಟೆಲ್ಲ ಬಲ್ಲವರ ಕಾರು ಮಾತ್ರ ಕಾಯುತ್ತದೆ. ಹೇಗೆ ಕಾಯುತ್ತದೆ ಎಂಬುದನ್ನು ರಾಯರ ಬಾಯಲ್ಲೇ ಕೇಳಬೇಕು. “ಮುಂಜಾನೆ ನಂದಿಬೆಟ್ಟಕ್ಕೆ ಹೊರಡ್ತೀನಿ. ಬಳ್ಳಾರಿ ರಸ್ತೇಲಿ ನೂರರಲ್ಲಿ ಹೋದರೂ ಟೆಂಪರೇಚರ್ ಮುಳ್ಳು ಅಲ್ಲಾಡಲ್ಲ. ವಾಪಸ್ ಬರೋವಾಗ ಹೆಬ್ಬಾಳದ ಫ್ಲೈಓವರ್ ಹತ್ತಿರ ಟ್ರಾಫಿಕ್ಕಲ್ಲಿ ನಿಂತ್ಕೊಂಡ್ನಾ, ಸರ‍್ರನೆ ಮೇಲೇರುತ್ತೆ. ಮೇಖ್ರಿ ಸರ್ಕಲ್ ದಾಟಿ ಸ್ವಲ್ಪ ಓಡಿಸಿದ್ರೆ ಮತ್ತೆ ಕೆಳಗೆ.” ಇಷ್ಟು ಹೇಳಿ ಒಂದು ಕ್ಷಣ ತಡೆದು, ಧ್ವನಿ ತಗ್ಗಿಸಿ, “ಹೆಡ್ ಗ್ಯಾಸ್ಕೆಟ್ ಹೋಗಿದೆ” ಎನ್ನುತ್ತಾರೆ.

ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ ಬಿಚ್ಚುವ ಕೆಲಸ, ಲಕ್ಷಗಳ ಮಾತು. ಆದರೂ ಅದನ್ನು ಹೇಳುವಾಗ ರಾಯರ ಎದೆ ಒಂದಿಂಚು ಉಬ್ಬುವುದನ್ನು ನಾವೆಲ್ಲ ನೋಡಿದ್ದೇವೆ. ಊರಿನ ಸಾಹುಕಾರರಿಗೆ ನೆಗಡಿಯಾದರೂ ಬೆಂಗಳೂರಿನ ದೊಡ್ಡಾಸ್ಪತ್ರೆಗೇ ಬರಬೇಕಲ್ಲ, ಹಾಗೆ.

ಸಲಹೆಗೆ ಬರವಿಲ್ಲ. ಮೂರನೇ ಮಹಡಿಯ ನಿವೃತ್ತರೊಬ್ಬರು ಅಂಬಾಸಿಡರ್ ಕಾಲದವರು: “ಒದ್ದೆ ಗೋಣಿಚೀಲ ಕಟ್ರೀ ಮುಂದೆ. ಆಗುಂಬೆ ಘಾಟಿ ಹತ್ತಿಸಿದೀನಿ.” ಕಾರು ತೊಳೆಯುವ ಹುಡುಗನದು ಇನ್ನೂ ಸರಳ: “ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಸಾರ್, ನಮ್ಮೂರಿಗೆ ಅದು ಬೇಡ.” ಇದು ದೇಶದಲ್ಲಿ ಅತಿ ಹೆಚ್ಚು ಬಿಟ್ಟಿಯಾಗಿ ಸಿಗುವ ಸಲಹೆ, ಅಷ್ಟೇ ಕೆಟ್ಟದ್ದು ಕೂಡ. ಎಷ್ಟೋ ಎಂಜಿನ್ನುಗಳಲ್ಲಿ ಬಿಸಿಯಾದ ಮೇಲೆ ಒಳದಾರಿ ಮುಚ್ಚಿ ನೀರನ್ನು ರೇಡಿಯೇಟರಿಗೆ ಕಳಿಸುವುದೇ ಥರ್ಮೋಸ್ಟಾಟು. ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖ ನೋಡದೆ ಎಂಜಿನ್ನಿಗೇ ವಾಪಸಾಗುತ್ತದೆ. ರಾಯರ ಮನೆಯವರ ಸಲಹೆಯೂ ಚಿಕ್ಕದೇ: “ಮಾರಿ.”

ರಾಯರು ಪರೀಕ್ಷೆ ಮಾಡುವುದಿಲ್ಲ ಎನ್ನುವಂತಿಲ್ಲ. ಎಲ್ಲ ಪರೀಕ್ಷೆಯನ್ನೂ ಮಾಡುತ್ತಾರೆ, ಫಲಿತಾಂಶವನ್ನು ಮಾತ್ರ ಒಪ್ಪುವುದಿಲ್ಲ. ಒಂದು ಸಂಜೆ ನಾನು ಅವರ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಸಾರಿನ ಪಾತ್ರೆ ಒಲೆಯ ಮೇಲಿತ್ತು. ಒಳಗೆ ಸಾರಿರಲಿಲ್ಲ, ನೀರಿನಲ್ಲಿ ದಾರ ಕಟ್ಟಿ ಥರ್ಮೋಸ್ಟಾಟನ್ನು ಇಳಿಬಿಟ್ಟಿದ್ದರು. ತಳ ಮುಟ್ಟಬಾರದೆಂದು ದಾರದ ತುದಿಯನ್ನು ಸೌಟಿಗೆ ಸುತ್ತಿ ಪಾತ್ರೆಯ ಬಾಯಿಗೆ ಅಡ್ಡ ಇಟ್ಟಿದ್ದರು. ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ರಾಯರು. ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ಅವರ ಮನೆಯವರು. ಥರ್ಮೋಸ್ಟಾಟಿನ ಮೇಲೆ ಅಚ್ಚಾಗಿದ್ದ ಡಿಗ್ರಿ ಹತ್ತಿರವಾಗುತ್ತಲೇ ಹಿತ್ತಾಳೆಯ ಬಿಲ್ಲೆ ಮೆಲ್ಲಗೆ ಬಾಯಿ ಬಿಟ್ಟಿತು. ಇನ್ನೊಂದಿಷ್ಟು ಕಾದ ಮೇಲೆ ಪೂರ್ತಿ ತೆರೆಯಿತು. “ಸರಿಯಾಗೇ ಇದೆಯಲ್ಲ?” ಎಂದೆ. “ಈಗೇನೋ ಇದೆ, ವಯಸ್ಸಾಯ್ತಲ್ಲ ಅದಕ್ಕೆ” ಎಂದು ರಾಯರು ಹೊಸದಕ್ಕೆ ಆರ್ಡರ್ ಕೊಟ್ಟರು. ಸಾರಿನ ಪಾತ್ರೆಯೂ ಹೊಸದು ಬಂತು. ಅದು ಮನೆಯವರ ಆರ್ಡರು.

ಮುಂದೆ ಏಪ್ರಿಲ್ ಬಿಸಿಲಿನಲ್ಲಿ ಹೀಟರನ್ನು ಪೂರ್ತಿ ತಿರುಗಿಸಿಕೊಂಡು ಓಡಾಡಿದರು. ಇದು ಹುಚ್ಚಾಟವಲ್ಲ. ಹೀಟರು ಎಂಜಿನ್ನಿನ ಬಿಸಿಯನ್ನು ಎಳೆದು ಒಳಗೆ ಬಿಡುವ ಪುಟ್ಟ ರೇಡಿಯೇಟರು. ದಾರಿಯಲ್ಲಿ ಮುಳ್ಳು ಏರಿದಾಗ ಜೀವ ಉಳಿಸುವ ಉಪಾಯ. ಬಿಸಿಗಾಳಿ ಬಂದರೆ ಪಂಪು ನೀರನ್ನು ತಿರುಗಿಸುತ್ತಿದೆ ಎಂದರ್ಥ. ಮುಳ್ಳು ಮೇಲಿದ್ದೂ ತಣ್ಣನೆ ಗಾಳಿ ಬಂದರೆ ನೀರು ಕಮ್ಮಿಯಾಗಿದೆ, ಇಲ್ಲವೇ ಏರ್‌ಲಾಕ್ ಆಗಿದೆ, ಇಲ್ಲವೇ ಪಂಪು ಹೋಗಿದೆ. ರಾಯರಿಗೆ ಹುಬ್ಬು ಸುಡುವಂಥ ಗಾಳಿ ಬಂತು. ಮರುವಾರವೇ ಫ್ರಾಂಕ್‌ಫರ್ಟಿನ ಭಾವಮೈದುನನ ಸೂಟ್‌ಕೇಸಿನಲ್ಲಿ, ಚಾಕೊಲೇಟಿನ ಡಬ್ಬಗಳ ನಡುವೆ, ಹೊಸ ವಾಟರ್ ಪಂಪು ಬಂದಿಳಿಯಿತು.

ಕೊನೆಗೆ ಗ್ಯಾಸ್ಕೆಟ್ ಪರೀಕ್ಷೆ. ಕೂಲೆಂಟ್ ಟ್ಯಾಂಕಿನ ಬಾಯಿಗೆ ಗಾಜಿನ ನಳಿಗೆ ಕೂರಿಸಿ, ಅದರಲ್ಲಿ ನೀಲಿ ದ್ರವ ಹಾಕಿ, ಟ್ಯಾಂಕಿನೊಳಗಿನ ಗಾಳಿಯನ್ನು ಎಳೆಯಬೇಕು. ಗ್ಯಾಸ್ಕೆಟ್ ಸೀಳಿದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗಿ, ದ್ರವ ಹಳದಿಯಾಗುತ್ತದೆ. ಎಣ್ಣೆಯ ಮುಚ್ಚಳದಡಿ ಕೆನೆ ಇರಲಿಲ್ಲ, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇರಲಿಲ್ಲ, ದ್ರವವೂ ನೀಲಿಯಾಗೇ ಉಳಿಯಿತು. ರಾಯರು ಬಾಟಲಿಯನ್ನು ತಿರುಗಿಸಿ ಎಕ್ಸ್‌ಪೈರಿ ಡೇಟ್ ಹುಡುಕಿದರು.

ಕಾರನ್ನು ವಿಲ್ಸನ್ ಗಾರ್ಡನ್ನಿನ ಗಲ್ಲಿಯೊಂದರ ಗ್ಯಾರೇಜಿಗೆ ಒಯ್ದದ್ದು ಮನೆಯವರ ಗದರಿಕೆಗೆ. ಅಲ್ಲಿನ ಭಾಯ್ ಅರವತ್ತು ದಾಟಿದವರು. ಟೂಲ್ ಪೆಟ್ಟಿಗೆ ತೆರೆಯುವ ಮೊದಲು ಟೀ ತರಿಸುವವರು.

“ಯಾವಾಗ ಕಾಯ್ತದೆ ಸಾರ್? ಓಡ್ವಾಗಲೋ, ನಿಂತಾಗಲೋ?”

ರಾಯರು 1963ರಿಂದ ಶುರು ಮಾಡಿದರು. ಭಾಯ್ 1998ರವರೆಗೂ ತಾಳ್ಮೆಯಿಂದ ಕೇಳಿ, ಟೀ ಮುಗಿಸಿ, ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. “ನಿಂತಾಗ” ಎಂದರು ರಾಯರು. “ಎಸಿ ಹಾಕಿ” ಎಂದರು ಭಾಯ್.

ಎಸಿ ಹಾಕಿದರೆ ಮುಂದಿನ ಎರಡೂ ಫ್ಯಾನು ಆಗಲೇ ತಿರುಗಬೇಕು. ಎಡಗಡೆಯದು ತಿರುಗಿತು, ಬಲಗಡೆಯದು ಸುಮ್ಮನಿತ್ತು. ಬಂಪರ್ ಬಿಚ್ಚಿದರು. ಎಸಿಯ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಒಣಗಿದ ತಬೇಬುಯ ಹೂವು, ಮಳೆಮರದ ಎಲೆ, ಚಿಪ್ಸಿನ ಕವರು, ಎರಡು ಮಳೆಗಾಲದ ಕೆಸರು, ಎಲ್ಲ ಒತ್ತೊತ್ತಾಗಿ ಗಟ್ಟಿಯಾಗಿ ಕೂತಿದ್ದವು. ಮಳೆ ನೀರೇ ಸೋಕದ ಡಾಕ್ಟರ್ ಗಾಡಿ! ಫ್ಯಾನಿನ ಪಕ್ಕದ ರೆಸಿಸ್ಟರ್ ಸುಟ್ಟಿತ್ತು. ಅದು ಸುಟ್ಟರೆ ಫ್ಯಾನಿನ ನಿಧಾನ ಸ್ಪೀಡು ಹೋಗುತ್ತದೆ, ಜೋರಿನದು ಉಳಿದಿರುತ್ತದೆ. ಜೋರಿನದು ಎಚ್ಚರವಾಗುವುದು ಎಂಜಿನ್ ಚೆನ್ನಾಗಿ ಕಾದ ಮೇಲೆ. ಓಡುವಾಗ ಗಾಳಿ ತಾನೇ ನುಗ್ಗುವುದರಿಂದ ಇದೊಂದೂ ಗೊತ್ತಾಗುತ್ತಿರಲಿಲ್ಲ. ಹೆಬ್ಬಾಳದ ಕತೆಯಲ್ಲಿ ರಾಯರೇ ಎಲ್ಲರಿಗೂ ಹೇಳಿಕೊಂಡು ಬಂದದ್ದು ಇದನ್ನೇ, ಕೇಳಿಸಿಕೊಂಡವರು ಭಾಯ್ ಒಬ್ಬರು.

ಭಾಯ್ ಬ್ರಷ್ಷಿನಲ್ಲಿ ಕಸ ತೆಗೆದು, ರೇಡಿಯೇಟರಿನ ತೆಳು ರೆಕ್ಕೆಗಳು ಬಾಗದಂತೆ ಸಣ್ಣಗೆ ನೀರು ಬಿಟ್ಟು ತೊಳೆದು, ಜೆ.ಸಿ. ರಸ್ತೆಯಿಂದ ರೆಸಿಸ್ಟರ್ ತರಿಸಿ ಹಾಕಿದರು. ಬಿಲ್ಲು ರಾಯರ ಬೂಟಿನ ಬೆಲೆಗಿಂತ ಕಮ್ಮಿ.

ಈಗ ಹೆಬ್ಬಾಳದಲ್ಲಿ ಅರ್ಧ ಗಂಟೆ ನಿಂತರೂ ಮುಳ್ಳು ಮಧ್ಯದಲ್ಲೇ. ರಾಯರ ಮುಖದಲ್ಲಿ ಕಳೆಯಿಲ್ಲ. ಲಿಫ್ಟಿನಲ್ಲಿ ಸಿಕ್ಕವರಿಗೆ “ಕೂಲಿಂಗ್ ಸಿಸ್ಟಮ್ ಪೂರ್ತಿ ರೀಸ್ಟೋರ್ ಮಾಡಿಸಿದೆ” ಎನ್ನುತ್ತಾರೆಯೇ ಹೊರತು ಎಲೆಯ ಮಾತು ಎತ್ತುವುದಿಲ್ಲ. “ಇನ್ನೇನು, ಸರಿಹೋಯ್ತಲ್ಲ?” ಎಂದು ಮನೆಯವರು ಕೇಳಿದ್ದಕ್ಕೆ, “ಇಷ್ಟು ಕಮ್ಮಿ ದುಡ್ಡಿಗೆ ಸರಿಹೋಗಿದೆ ಅಂದ್ರೆ ಹ್ಯಾಗೆ ನಂಬೋದು? ಇನ್ನೊಂದು ಕಡೆ ತೋರಿಸಬೇಕು” ಎಂದರಂತೆ.

ಫ್ರಾಂಕ್‌ಫರ್ಟಿನ ಭಾವಮೈದುನ ಡಿಸೆಂಬರಿನಲ್ಲಿ ಮತ್ತೆ ಬರುತ್ತಾರೆ. ಸೂಟ್‌ಕೇಸಿನಲ್ಲಿ ಐದು ಕೆಜಿ ಜಾಗ ಬಿಟ್ಟಿರಬೇಕೆಂದು ಮೆಸೇಜು ಹೋಗಿದೆ. ಯಾವ ಪಾರ್ಟು ಎಂಬುದನ್ನು ರಾಯರು ಇನ್ನೂ ನಿರ್ಧರಿಸಿಲ್ಲ.