ತೊಂಬತ್ತು ದಿನದ ಮಾಸ್ತರು

ಹುಬ್ಬಳ್ಳಿ-ಧಾರವಾಡದ ನಿವೃತ್ತ ಸಮಾಜದಲ್ಲಿ ಈಚಿನ ದಶಕಗಳಲ್ಲಿ ಹುಟ್ಟಿ, ಬಹುಬೇಗ ಬೇರೂರಿದ ಒಂದು ವರ್ಗವನ್ನು ಅಧ್ಯಯನದ ಅನುಕೂಲಕ್ಕಾಗಿ ‘ತೊಂಬತ್ತು ದಿನದ ಮಾಸ್ತರು’ ಎಂದು ಕರೆಯಬಹುದು. ಈ ಹೆಸರಿಗೆ ಆಧಾರ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳು ಕೂಡಿ ಕೊಡಮಾಡುವ ಪ್ರವೇಶದ ಪರವಾನಗಿ; ಇದನ್ನು ಪಡೆದವರು ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಅಲ್ಲಿ ಉಳಿಯುವಂತಿಲ್ಲ. ಮಗ ಬೆಂಗಳೂರಿನ ಕಂಪನಿಯಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ, ಅಂದರೆ ಬೆಂಝ್ ಕಾರಿನ ಊರಿಗೆ, ವರ್ಗವಾಗಿ ಹೋದ ಎರಡನೆಯ ವರ್ಷ ಮಾಸ್ತರಿಗೆ ಈ ವೀಸಾ ದೊರೆಯುತ್ತದೆ. ಕನಿಷ್ಠ 30,000 ಯೂರೋ ಆಸ್ಪತ್ರೆ ಖರ್ಚು ಭರಿಸುವ ವಿಮೆ ಮಾಡಿಸದ ಹೊರತು ಅದು ದೊರೆಯದೆಂದು ತಿಳಿದಾಗ, ತಮ್ಮ ದೇಹಕ್ಕೆ ಇಷ್ಟು ಬೆಲೆ ಇದೆಯೆಂಬುದು ಸೇವಾವಧಿಯಲ್ಲಿ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಅವರು ಒಂದು ದಿನ ಖಿನ್ನರಾಗಿರುತ್ತಾರೆ.

ಈ ವರ್ಗವನ್ನು ಅರಿಯಬೇಕಾದರೆ ಮೊದಲು ಧಾರವಾಡದಲ್ಲಿ ದಾರಿ ಕೇಳುವ ಪದ್ಧತಿಯನ್ನು ಅರಿಯಬೇಕು. ಮನೆ ನಂಬರು, ಕ್ರಾಸು, ಮೇನು ಮುಂತಾದವು ಇಲ್ಲಿ ಅಂಚೆಯವರ ಸಮಾಧಾನಕ್ಕಾಗಿ ಇರತಕ್ಕವು. ಸಪ್ತಾಪುರದಲ್ಲಿ ಒಂದು ಮನೆಯನ್ನು ಹುಡುಕಿ ಬಂದವನು ಬಾವಿಯ ಹತ್ತಿರ ನಿಂತವರನ್ನು ವಿಚಾರಿಸಿದರೆ, ಅವರು ಬಂದವನ ಊರು ಯಾವುದು, ಯಾರ ಪೈಕಿ, ಹುಡುಕುತ್ತಿರುವ ಮನೆಯ ಹಿರಿಯ ಮಗಳ ಲಗ್ನ ನಿಶ್ಚಯವಾಯಿತೇ ಎಂಬ ವಿಷಯಗಳನ್ನೆಲ್ಲ ಇತ್ಯರ್ಥಪಡಿಸಿಕೊಂಡು, ಕೊನೆಗೆ “ಹಿಂಗ ಸೀದಾ ಹೋಗ್ರಿ, ಅಲ್ಲೆ ಮುಂದ ಯಾರನ್ನರ ಕೇಳ್ರಿ” ಎಂದು ಕಳಿಸುತ್ತಾರೆ. ಅರ್ಥಾತ್ ದಾರಿ ಕೇಳುವುದು ದಾರಿ ತಿಳಿಯುವುದಕ್ಕಾಗಿ ಅಲ್ಲ. ಅದು ಮಾತಿಗೆ ನೆಪ, ಮತ್ತು ಆ ಮಾತು ಇನ್ನೊಬ್ಬರಲ್ಲಿ ಮುಂದುವರಿಯಲಿ ಎಂಬ ವ್ಯವಸ್ಥೆ. ಮಾಸ್ತರು ನಸುಕಿನಲ್ಲಿ ಕರ್ನಾಟಕ ಕಾಲೇಜಿನ ಮೈದಾನಕ್ಕೋ ಕೆಲಗೇರಿ ಕೆರೆಯ ದಂಡೆಗೋ ವಾಕಿಂಗ್ ಹೋದಾಗಲೂ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ವೈದ್ಯರು ಸಕ್ಕರೆ ಕಾಯಿಲೆಗೆಂದು ವಿಧಿಸಿದ ಒಂದು ತಾಸಿನ ನಡಿಗೆಯಲ್ಲಿ ಕಾಲಿಗೆ ಸಲ್ಲುವುದು ಕಾಲು ತಾಸು. ಉಳಿದದ್ದು ನಾಲಿಗೆಯ ಪಾಲು.

ಇಂಥವರು ಒಂದು ಶಬ್ದವೂ ಬಾರದ ಜರ್ಮನ್ ಭಾಷೆಯ ನಗರದಲ್ಲಿ ಒಬ್ಬರೇ ತಿರುಗಾಡುವುದು ಹೇಗೆಂದು ಮಗನಿಗೆ ಚಿಂತೆಯಾಗುವುದು ಸಹಜ. ಅವನು ಫೋನಿನಲ್ಲಿ ಭಾಷಾಂತರ ಮಾಡುವ ಆ್ಯಪ್ ಹಾಕಿಕೊಟ್ಟು, ವಿಳಾಸದ ಚೀಟಿಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಕಿಸೆಗೆ ಸೇರಿಸುತ್ತಾನೆ. ಮಾಸ್ತರು ಮೊದಲನೆಯದನ್ನು ಮನೆಯಲ್ಲೇ ಚಾರ್ಜಿಗೆ ಬಿಟ್ಟು, ಎರಡನೆಯದನ್ನು ಕಿಸೆಯಲ್ಲಿ ಭದ್ರವಾಗಿ ಮರೆತು, ಮಂಕಿಟೋಪಿ ಮತ್ತು ಕೊಡೆಯೊಂದಿಗೆ ಹೊರಬೀಳುತ್ತಾರೆ.

ಸ್ಟುಟ್‌ಗಾರ್ಟು ಗುಡ್ಡಗಳ ನಡುವಿನ ಬೋಗುಣಿಯಂಥ ತಗ್ಗಿನಲ್ಲಿ ಹುಟ್ಟಿ ದಿಬ್ಬಗಳ ಮೇಲಕ್ಕೆ ಹಬ್ಬಿದ ಊರು. ಹಿಂದೆ ದ್ರಾಕ್ಷಿ ತೋಟಗಳಿದ್ದ ಇಳಿಜಾರುಗಳಲ್ಲಿ ತೋಟಗಾರರು ಹತ್ತಿ ಇಳಿಯಲು ಕಟ್ಟಿಕೊಂಡ ಕಲ್ಲಿನ ಸೋಪಾನಗಳು ಇಂದಿಗೂ ಮನೆಗಳ ಸಂದಿಯಲ್ಲಿ ಉಳಿದುಬಂದಿವೆ. ಸ್ಥಳೀಯರು ‘ಷ್ಟೆಫೆಲೆ’ ಎಂದು ಕರೆಯುವ ಇಂಥ ಮೆಟ್ಟಿಲುದಾರಿಗಳು 400ಕ್ಕೂ ಹೆಚ್ಚಿವೆ. ಏರು-ಇಳಿತದ ಧಾರವಾಡದಲ್ಲಿ ಪಳಗಿದ ಮಾಸ್ತರಿಗೆ ಇವು ಶ್ರಮವೆನಿಸುವುದಿಲ್ಲ. ದಿಕ್ಕು ತಪ್ಪಿದರೆ ತಲೆಯೆತ್ತಿ ಟಿವಿ ಗೋಪುರವನ್ನು ನೋಡುತ್ತಾರೆ. 1956ರಲ್ಲಿ ಪೂರ್ಣಗೊಂಡ, ಸುಮಾರು 217 ಮೀಟರ್ ಎತ್ತರದ ಈ ಕಾಂಕ್ರೀಟ್ ಕಂಬ ಜಗತ್ತಿನಲ್ಲಿ ಆ ಬಗೆಯದರಲ್ಲಿ ಮೊದಲನೆಯದು, ಮತ್ತು ಊರಿನ ಬಹುಪಾಲು ಕಡೆಯಿಂದ ಕಾಣುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಅವರಿಗೆ ಬ್ರೆಡ್ಡಿನ ಅಂಗಡಿ, ಮುಪ್ಪಾದ ಮರ, ಕುಂಟು ನಾಯಿಯ ಮನೆ ಇವುಗಳಿಂದ ಕೂಡಿದ ಸ್ವಂತ ನಕಾಶೆಯೊಂದು ಸಿದ್ಧವಾಗಿ, ಮಗನಿಗೆ ಗೊತ್ತಿಲ್ಲದ ಒಳದಾರಿಗಳೂ ಗೊತ್ತಾಗಿರುತ್ತವೆ.

ಗಮನಿಸಬೇಕಾದದ್ದೆಂದರೆ, ಇಷ್ಟಾದ ಮೇಲೂ ಅವರು ದಾರಿ ಕೇಳುವುದನ್ನು ಬಿಡುವುದಿಲ್ಲ. ಕಿಸೆಯ ಚೀಟಿಗೆ ಬೆಲೆ ಬರುವುದು ಆಗಲೇ. ತಮ್ಮ ಮನೆಯ ಗೇಟು ಕಾಣುವಷ್ಟು ಹತ್ತಿರದಲ್ಲಿ ನಿಂತು, ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಿರುವ ವೃದ್ಧರೊಬ್ಬರಿಗೆ ಚೀಟಿಯನ್ನು ಚಾಚುತ್ತಾರೆ. ವೃದ್ಧರು ಕನ್ನಡಕ ಬದಲಿಸಿ, ವಿಳಾಸವನ್ನು ಎರಡು ಸಲ ಓದಿ, ಎದುರಿನ ಗೇಟನ್ನು ಬೆರಳಿನಿಂದ ತೋರಿಸುತ್ತಾರೆ. ಮಾಸ್ತರು ಬಹಳ ಆಶ್ಚರ್ಯಪಟ್ಟು, “ಹೌದೇನ್ರಿ? ಇದ ಏನ್ರಿ?” ಎಂದು ಪಕ್ಕದಲ್ಲಿ ಕೂಡುತ್ತಾರೆ. ಮುಂದಿನ ಅರ್ಧ ತಾಸು ಒಬ್ಬರು ಧಾರವಾಡದ ಕನ್ನಡದಲ್ಲಿ ಮೊಣಕಾಲಿನ ಕುರಿತು, ಇನ್ನೊಬ್ಬರು ಆ ಸೀಮೆಯ ಜರ್ಮನ್‌ನಲ್ಲಿ ಪ್ರಾಯಶಃ ಬೆನ್ನಿನ ಕುರಿತು ಮಾತಾಡುತ್ತಾರೆ. ನೋವಿನ ಜಾಗವನ್ನು ಕೈಯಿಂದ ಮುಟ್ಟಿ ತೋರಿಸುವ ರೂಢಿ ಉಭಯ ದೇಶಗಳಲ್ಲೂ ಇರುವುದರಿಂದ ವಿಷಯಾಂತರಕ್ಕೆ ಆಸ್ಪದವಾಗುವುದಿಲ್ಲ. ಭಾಷೆ ಬಾರದವನಿಗೆ ಪರನಗರದಲ್ಲಿ ಮಾಹಿತಿ ನಷ್ಟವಾಗುತ್ತದೆ ಎಂಬ ಪ್ರವಾಸಶಾಸ್ತ್ರದ ಸಾಮಾನ್ಯ ನಿಯಮ ಇವರಿಗೆ ಅನ್ವಯಿಸದು. ಊರಲ್ಲಿದ್ದಾಗಲೂ ಮಾಹಿತಿಗಾಗಿ ಭಾಷೆಯನ್ನು ಬಳಸಿದವರಲ್ಲವಾದ್ದರಿಂದ ಕಳೆದುಕೊಳ್ಳಲು ಇವರಲ್ಲಿ ಏನೂ ಇಲ್ಲ.

ಇವರ ನಿಜವಾದ ತೊಡಕು ರಸ್ತೆ ದಾಟುವಲ್ಲಿದೆ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಬಲಗೈ ಎತ್ತಿ, ಮುಖವನ್ನು ಬೇರೆಡೆ ತಿರುಗಿಸಿ, ವಾಹನಗಳನ್ನು ಅವುಗಳ ವಿವೇಕಕ್ಕೆ ಬಿಟ್ಟು ನುಗ್ಗುವ ವಿದ್ಯೆ ಅವರಿಗೆ ಕರಗತವಾಗಿದೆ. ಜರ್ಮನಿಯಲ್ಲಾದರೋ ಬಿಳಿಪಟ್ಟೆಯ ದಾಟುದಾರಿಯಲ್ಲಿ ಪಾದಚಾರಿ ದಾಟಬಯಸುವುದು ಕಂಡರೆ ಸಾಕು, ವಾಹನ ನಿಲ್ಲಲೇಬೇಕೆಂಬುದು ಕಾನೂನು. ಮಾಸ್ತರು ಅಂಚಿಗೆ ಬರುತ್ತಲೇ ಕಾರು ನಿಲ್ಲುತ್ತದೆ. ಕಾರು ನಿಂತದ್ದನ್ನು ಕಂಡು ಮಾಸ್ತರೂ ನಿಲ್ಲುತ್ತಾರೆ, ಏಕೆಂದರೆ ಕಾರಣವಿಲ್ಲದೆ ನಿಂತ ವಾಹನವನ್ನು ನಂಬುವುದು ಅವರ ಅನುಭವಕ್ಕೆ ವಿರುದ್ಧ. ಚಾಲಕಿ ಒಳಗಿಂದ ಕೈಮಾಡಿ ದಾಟಿರೆಂದು ಸೂಚಿಸುತ್ತಾಳೆ. ಕಾರಿನಲ್ಲಿ ಕೂತು ಆಫೀಸಿಗೆ ಹೊರಟ ಹೆಣ್ಣುಮಗಳನ್ನು ತಡೆದು ತಾವು ಮುಂದೆ ಹೋಗುವುದು ಸರಿಯಲ್ಲವೆಂದು ಮಾಸ್ತರು, “ನೀವ ಹೋಗ್ರಿ ತಂಗಿ, ನಮಗೇನ ಅವಸರಿಲ್ಲ” ಎಂದು ಎರಡೂ ಕೈಗಳಿಂದ ದಾರಿ ಬಿಡುತ್ತಾರೆ. ಅವಳು ಕಾನೂನಿಗೆ ಕಟ್ಟುಬಿದ್ದವಳು, ಇವರು ಮರ್ಯಾದೆಗೆ. ಹಿಂದೆ ಮೂರು ಕಾರುಗಳು ಸೇರಿದರೂ ಯಾರೂ ಹಾರ್ನ್ ಬಾರಿಸದಿರುವುದರಿಂದ ಬಿಕ್ಕಟ್ಟು ಬಗೆಹರಿಸುವ ಬಾಹ್ಯ ಒತ್ತಡವೂ ಉಂಟಾಗದು; ಕೊನೆಗೆ ಮಾಸ್ತರೇ ಮೊದಲು ಬಂದ ದಾರಿಗೆ ಮರಳಿ ಇನ್ನೊಂದು ಮೂಲೆಯಿಂದ ದಾಟುತ್ತಾರೆ. ಸಿಗ್ನಲ್ ಇರುವಲ್ಲಿ ಸಮಸ್ಯೆ ಬೇರೆ. ಕೆಂಪು ದೀಪವಿರುವಾಗ ದಾಟಿದ ಪಾದಚಾರಿಗೆ 5 ಯೂರೋ ದಂಡವೆಂದು ಕೇಳಿದಂದಿನಿಂದ ಅವರು ಆ ಮೊತ್ತವನ್ನು ರೂಪಾಯಿಗೆ ತಿರುಗಿಸಿಕೊಂಡು, ಹಸಿರು ದೀಪದಲ್ಲಿಯೂ ಒಮ್ಮೆ ಯೋಚಿಸುತ್ತಾರೆ.

ನಗರದ ಆಚಾರಗಳಲ್ಲಿ ಅವರಿಗೆ ತಕ್ಷಣ ಒಗ್ಗುವುದು ‘ಕೇರ್‌ವೋಖೆ’. ಇದು ಆ ಸೀಮೆಯ ಹಳೆಯ ಪದ್ಧತಿ: ಒಂದೇ ಕಟ್ಟಡದಲ್ಲಿರುವ ಮನೆಗಳವರು ಸರದಿಯಂತೆ ವಾರಕ್ಕೊಬ್ಬರು ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿಗಳನ್ನು ಗುಡಿಸಬೇಕು, ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಫಲಕ ಬಂದು ತೂಗುತ್ತದೆ. ಅನ್ಯರು ಬೆಳಗಿನಲ್ಲಿ ಅಂಗಳ ಗುಡಿಸುವುದನ್ನು ನಿಂತು ಪರಿಶೀಲಿಸುವ ಹವ್ಯಾಸ ಮಾಸ್ತರಿಗೆ ಮೊದಲಿನಿಂದಲೂ ಇದ್ದು, ಇಲ್ಲಿ ಅದಕ್ಕೆ ಅಧಿಕೃತ ಮನ್ನಣೆ ದೊರೆತಂತಾಗುತ್ತದೆ. ಮಗನ ಸರದಿ ಬಂದಾಗ ಅವರು ಫಲಕವನ್ನು ಪ್ರಶಸ್ತಿಯೆಂದು ಬಗೆದು ಒಳಗೊಯ್ದು ಗೋಡೆಗೆ ನೇತುಹಾಕುವುದೂ, ಕೆಳಮನೆಯ ವೃದ್ಧೆ ಅದನ್ನು ಹುಡುಕಿಕೊಂಡು ಬರುವುದೂ, ಬಂದವಳ ಕೈಗೆ ಅವರು ಲೈನ್ ಬಜಾರಿನ ಫೇಡೆಯೊಂದನ್ನು ಇಡುವುದೂ ಈ ವರ್ಗದ ಚರಿತ್ರೆಯಲ್ಲಿ ಹೊಸತಲ್ಲ. ಸಕ್ಕರೆಪುಡಿಯಲ್ಲಿ ಹೊರಳಿದ ಆ ಕಂದು ಉಂಡೆಯನ್ನು ವೃದ್ಧೆ ತಿನ್ನುವ ವಸ್ತುವೋ ಕೈತೊಳೆಯುವ ವಸ್ತುವೋ ಎಂದು ಬೆಳಕಿಗೆ ಹಿಡಿದು ನೋಡುತ್ತಾಳೆ. ಮಾಸ್ತರು ಇನ್ನೊಂದನ್ನು ತಮ್ಮ ಬಾಯಿಗೆ ಹಾಕಿಕೊಂಡು ಸಂದೇಹ ಪರಿಹರಿಸುತ್ತಾರೆ. ಸಕ್ಕರೆ ಕಾಯಿಲೆಯ ಸಂಗತಿ ಆ ಹೊತ್ತಿಗೆ ಉಭಯಪಕ್ಷಗಳಿಗೂ ಅಪ್ರಸ್ತುತ. (ಮಾಸ್ತರ ಮನೆಯವರು ಈ ವೇಳೆಗಾಗಲೇ ಮುಂದಿನ ಬೀದಿಯ ತುರ್ಕಿ ಕಾಯಿಪಲ್ಯದ ಅಂಗಡಿಯಲ್ಲಿ ಬೆಂಡಿಕಾಯಿ ಮುರಿದು ಎಳೆತನ ನೋಡಿ, ಕೊತ್ತಂಬರಿಯನ್ನು ಮೇಲೆ ಹಾಕಿಸಿಕೊಳ್ಳುವ ಹಂತ ತಲುಪಿರುತ್ತಾರೆ. ಅವರ ಸಾಧನೆ ಪ್ರತ್ಯೇಕ ಗ್ರಂಥಕ್ಕೆ ಯೋಗ್ಯ.)

ಆರನೆಯ ವಾರದ ಹೊತ್ತಿಗೆ ಮಾಸ್ತರ ನಡಿಗೆಗೆ ಒಂದು ಸೈದ್ಧಾಂತಿಕ ಆಧಾರ ದೊರೆಯುತ್ತದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿತು. ಅದರ ಪಾದ್ರಿಗಳಲ್ಲಿ ಅನೇಕರು ಸ್ಟುಟ್‌ಗಾರ್ಟು ರಾಜಧಾನಿಯಾಗಿದ್ದ ವುರ್ಟೆಂಬರ್ಗ್ ಸೀಮೆಯವರೇ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗ್ ತೀರಿಕೊಂಡದ್ದು ಸ್ಟುಟ್‌ಗಾರ್ಟಿನ ಮಗ್ಗುಲಿನ ಎಸ್ಲಿಂಗನ್ನಿನಲ್ಲಿ, 1881ರಲ್ಲಿ. 1853ರಲ್ಲಿ ಇಪ್ಪತ್ತೊಂದರ ತರುಣನಾಗಿ ಬಂದು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಕಿಟೆಲ್ ಕಣ್ಣುಮುಚ್ಚಿದ್ದು ಅಲ್ಲಿಂದ ರೈಲಿನಲ್ಲಿ ಒಂದು ತಾಸಿನ ದಾರಿಯ ಟ್ಯೂಬಿಂಗನ್ನಿನಲ್ಲಿ, 1903ರಲ್ಲಿ. ಕಿಟೆಲ್ಲರು ಭಾಷೆ ಬಾರದೆ ಧಾರವಾಡ ಸೀಮೆಯಲ್ಲಿ ಕಾಲ್ನಡಿಗೆಯಿಂದ ತಿರುಗಿ ಕಂಡಕಂಡವರನ್ನು ಮಾತಾಡಿಸಿದರೆ ಅದು ಸಂಶೋಧನೆಯಾಗುವುದಾದರೆ, ತಾವು ಅದನ್ನೇ ಕಿಟೆಲ್ಲರ ನಾಡಿನಲ್ಲಿ ಮಾಡಿದಾಗ ಮಗ ಅದನ್ನು ‘ಸುಮ್ಮನೆ ತಿರುಗೋದು’ ಎನ್ನುವುದು ನ್ಯಾಯವಲ್ಲವೆಂಬುದು ಮಾಸ್ತರ ವಾದ. ಈ ವಾದದಲ್ಲಿ ತರ್ಕವಿದೆ. 70,000 ಶಬ್ದಗಳ ನಿಘಂಟು ಮಾತ್ರ ಇಲ್ಲ. ಟ್ಯೂಬಿಂಗನ್ನಿಗೆ ಹೋದಾಗ ಅವರು ನದಿಯ ಸೇತುವೆಯ ಮೇಲೆ ಸಿಕ್ಕವರಿಗೆಲ್ಲ “ಕಿಟೆಲ್, ಕಿಟೆಲ್” ಎಂದು ಎದೆಮುಟ್ಟಿ ಹೇಳಿ ನೋಡುತ್ತಾರೆ. ಹಲವರು ಅದನ್ನು ಅವರದೇ ಹೆಸರೆಂದು ತಿಳಿದು ತಮ್ಮ ಹೆಸರನ್ನೂ ಹೇಳಿ ಕೈಕುಲುಕುತ್ತಾರೆ.

ತೊಂಬತ್ತನೆಯ ದಿನ ಮುಗಿದು ಊರಿಗೆ ಮರಳಿದ ಮೇಲೆ ಮಾಸ್ತರು ಕಾಲೇಜು ಮೈದಾನದ ಬೆಂಚಿನಲ್ಲಿ ಜರ್ಮನಿಯ ಅಧಿಕೃತ ವಕ್ತಾರರಾಗುತ್ತಾರೆ. ಅಲ್ಲಿಯ ಜನ ಮಾತುಗಾರರು, ಸಂಕೋಚದವರಲ್ಲ, ಬೆನ್ನುನೋವಿನವರು ಎಂಬ ಅವರ ನಿರ್ಣಯಗಳಿಗೆ ‘ಅಮೆರಿಕ ಪಂಥ’ದವರಿಂದ ಮಾತ್ರ ವಿರೋಧ ಬರುತ್ತದೆ. ಇವರು ಅಲ್ಲಿಯ ವೀಸಾದ ಮೇಲೆ ಸಾಮಾನ್ಯವಾಗಿ ಆರು ತಿಂಗಳು ಇದ್ದು ಬರುವವರಾದ್ದರಿಂದ ಹಿರಿತನ ತಮ್ಮದೆಂದು ವಾದಿಸುತ್ತಾರೆ. ಆದರೆ ಅವರ ಮಕ್ಕಳಿದ್ದ ಹೊರವಲಯದ ಬಡಾವಣೆಗಳಲ್ಲಿ ಕಾರಿಲ್ಲದೆ ಹಾಲಿನ ಅಂಗಡಿಗೂ ಹೋಗಲಾಗದು, ಎಷ್ಟೋ ಕಡೆ ಫುಟ್‌ಪಾತೇ ಇರದು. ಭಾಷೆ ಬಂದರೂ ಮಾತಾಡಲು ರಸ್ತೆಯಲ್ಲಿ ಒಬ್ಬನೂ ಸಿಗದೆ ಆರು ತಿಂಗಳು ಬಾಯಿ ಮುಚ್ಚಿಕೊಂಡಿದ್ದವರ ಅನುಭವವನ್ನು ಅನುಭವವೆಂದು ಒಪ್ಪಬಹುದೇ ಎಂದು ತೊಂಬತ್ತು ದಿನದವರು ಕೇಳುತ್ತಾರೆ. ಚರ್ಚೆ ದಿನವೂ ಚಹಾದ ಅಂಗಡಿಯವರೆಗೆ ಬೆಳೆಯುತ್ತದೆ. ಮಗಳು ಪುಣೆಯಲ್ಲಿರುವ ಮಾಸ್ತರೊಬ್ಬರಿಗೆ, ಮರಾಠಿ ಚೆನ್ನಾಗಿ ಬರುತ್ತದೆಂಬ ಕಾರಣಕ್ಕೆ, ಇದರಲ್ಲಿ ಮಾತಾಡುವ ಹಕ್ಕಿಲ್ಲ. ಆದಕಾರಣ ಚಹಾದ ರೊಕ್ಕ ಕೊಡುವ ಹೊಣೆಯನ್ನು ಅವರಿಗೆ ವಹಿಸಲಾಗಿದೆ.