‘ಪ್ರ’ ಉದುರಿದ ಮೇಲೆ

(ಮುಳ್ಳೂರು. ರಸ್ತೆ ಬದಿಯ ಬಣ್ಣ ಹೋದ ಕಟ್ಟಡದ ಮುಂದೆ ಬೆಂಗಳೂರಿನ ಕಾರು ನಿಲ್ಲುತ್ತದೆ.)

ಕಾರಿನವರು: ಅಣ್ಣಾ, ಇದು ಪ್ರವಾಸಿ ಮಾಹಿತಿ ಕೇಂದ್ರ ಅಲ್ವಾ?

ಮಾದಪ್ಪ: ‘ಪ್ರ’ ಉದುರಿ ಬಾಳ ದಿನ ಆಯ್ತು ಬುದ್ಧಿ. ಈಗ ಬರೀ ‘ವಾಸಿ’. ಮಳೇಲಿ ನೆನೆಯೋಕಿಂತ ವಾಸಿ ಅಂತ ಮೇಕೆ ಕಟ್ಟಿವ್ನಿ.

ಕಾರಿನವರು: ಒಳಗೆ ಯಾರೂ ಇಲ್ವಾ?

ಮಾದಪ್ಪ: ಹೋತ ಅದ. ಗಡ್ಡ ನೋಡಿದ್ರ ಸಾಹೇಬ್ರೇ ಅನ್ನಬೇಕು.

ಕಾರಿನವರು: ಮ್ಯಾಪು, ಪುಸ್ತಕ?

ಮಾದಪ್ಪ: ಅದೇ ತಿಂತು. ಭರಚುಕ್ಕಿಯಿಂದ ಬಿಳಿಗಿರಿರಂಗನ ಬೆಟ್ಟದ ಗಂಟ ಎಲ್ಲಾ ಅದ್ರ ಹೊಟ್ಟೇಲೇ ಅದ.

ಕಾರಿನವರು: ನಮಗೆ ತಲಕಾಡು ಬೀಚಿಗೆ ಹೋಗಬೇಕಿತ್ತು.

ಮಾದಪ್ಪ: ಬೀಚಾ? ನಮ್ಮ ಕಡೆ ಸಮುದ್ರ ಅಂದ್ರ ಶಿವಂದು ಮಾತ್ರ ಕನ. ತಲಕಾಡಲ್ಲಿರೋದು ಹೊಳೆ, ಮರಳು. ಅಲ್ಲಿ ಮರಳು ಬಿದ್ದು ದೇವಸ್ಥಾನ ಮುಚ್ಚೋದ್ವು. ಇದು ಮರಳಿಲ್ದೇನೇ ಮುಚ್ಚೋಯ್ತು.

ಕಾರಿನವರು: ಉದ್ಘಾಟನೆ ಆಗಿತ್ತಾ?

ಮಾದಪ್ಪ: ಜೋರಾಗಿ! ಬೆಳಿಗ್ಗೆ ಟೇಪು ಕತ್ತರಿಸಿದ್ರು, ಸಂಜೆಗ ಕರೆಂಟು.

ಕಾರಿನವರು: ಶಿವನಸಮುದ್ರ ಪಕ್ಕದಲ್ಲೇ ಇದ್ದು ಕರೆಂಟಿಲ್ವಾ?

ಮಾದಪ್ಪ: 1902ರಲ್ಲೇ ಅಲ್ಲಿಂದ ಕೋಲಾರದ ಚಿನ್ನದ ಗಣಿಗ ಕರೆಂಟು ಹೋಯ್ತಂತ. ಇಲ್ಲಿಗ ಬರೋ ದಾರಿ ಕೇಳಾಣ ಅಂದ್ರ ಮಾಹಿತಿ ಕೇಂದ್ರ ಬಾಗಿಲಾಕದಲ್ಲ!

ಕಾರಿನವರು: ಹಾಗಾದ್ರೆ ಇಲ್ಲಿಗೆ ಯಾರೂ ಬರೋದೇ ಇಲ್ಲ ಅನ್ನಿ.

ಮಾದಪ್ಪ: ಬರ್ದೇ ಏನು? ಕಬಿನಿ, ಕೆಆರ್‌ಎಸ್ ಬಾಗಿಲು ತೆಗೆದ್ರ ಕಾವೇರವ್ವ ಊರೊಳಕ್ಕೇ ಬತ್ತಳ. ಪ್ರವಾಸಿ ತಪ್ಪಿದ್ರೂ ಪ್ರವಾಹ ತಪ್ಪಲ್ಲ.

ಕಾರಿನವರು: ಒಂದು ಫೋಟೋ ತಗೊಳ್ಲಾ?

ಮಾದಪ್ಪ: ತಗಳಿ. ಹೋತನ್ನ ಒಂದು ಮಾತು ಕೇಳ್ಕಳಿ ಬುದ್ಧಿ, ಈಗ ಅವ್ರ ಊಟದ ಟೇಮು.